ಬಸ್ಸಿನ ಸೀಟಿನ ಕಾಲು

ಜೂನ್ 2, ಭಾನುವಾರ

ಮದುವೆಯಾದ ಹೊಸದರಲ್ಲಿ ದಿನಚರಿ ಬರೆಯುತ್ತಿದ್ದೆ, ಆಮೇಲೆ ಬಿಟ್ಟುಹೋಗಿತ್ತು. ಇವತ್ತು ಮತ್ತೆ ಹಿಡಿದಿದ್ದೇನೆ. ಮನೆಯಲ್ಲಿ ಮಾತಾಡುವವಳು ನಾನೊಬ್ಬಳೇ ಆಗಿಬಿಟ್ಟು, ನನ್ನ ದನಿ ನನಗೇ ಬೇಸರ ಬಂದಿದೆ. ಬರೆದರೆ ಸದ್ದಾಗುವುದಿಲ್ಲ.

ಏಪ್ರಿಲ್‌ನಲ್ಲಿ ಇವರಿಗೆ ಆಫೀಸಿನಲ್ಲೇ ಸ್ಟ್ರೋಕ್ ಆಯಿತು. ಕಾಲು ಪರವಾಗಿಲ್ಲ, ಕೋಲು ಹಿಡಿದು ಓಡಾಡುತ್ತಾರೆ. ಬಲಗೈ ಇನ್ನೂ ಮಾತು ಕೇಳುತ್ತಿಲ್ಲ. ನಿಜವಾಗಿ ಹೋದದ್ದು ಮಾತು. ನಾವು ಹೇಳುವುದೆಲ್ಲ ಅರ್ಥವಾಗುತ್ತದೆ, ಟಿವಿಯಲ್ಲಿ ಯಾರಾದರೂ ತಪ್ಪು ಮಾತಾಡಿದರೆ ಹುಬ್ಬು ಗಂಟಿಕ್ಕುತ್ತಾರೆ. ಆದರೆ ತಾವು ಹೇಳಬೇಕೆಂದರೆ ಪದ ಸಿಗುವುದಿಲ್ಲ. ಬರೆಯಲೂ ಆಗುವುದಿಲ್ಲ. ಉಳಿದಿರುವುದು ‘ಹಾಂ’, ‘ಅಯ್ಯೋ’, ‘ಬೇಡ’, ಮತ್ತೆ ಯಾಕೋ ‘ಗೇಟು’. ನೀರು ಬೇಕಾದರೂ ಗೇಟು, ಫ್ಯಾನ್ ಹಾಕಬೇಕಾದರೂ ಗೇಟು. ಮೊದಮೊದಲು ನಾನು ಕೆಳಗಿಳಿದು ಹೋಗಿ ಚಿಲಕ ನೋಡಿಕೊಂಡು ಬರುತ್ತಿದ್ದೆ. ಕೆಳಗಿನ ಮನೆಯ ಮುನಿಲಕ್ಷ್ಮಮ್ಮ, ನಮ್ಮ ಓನರ್, ಕಿಟಕಿಯಿಂದಲೇ ಕೇಳುತ್ತಿದ್ದರು: “ಏನ್ ಶೀಲಮ್ಮಾ, ಯಾರಾನಾ ಬಂದವ್ರಾ?”

ಜಯನಗರದ ಕ್ಲಿನಿಕ್ಕಿನಲ್ಲಿ ಮಾತು ಕಲಿಸುವ ಸಂಗೀತಾ ಅವರು ಹೇಳುವುದು ಒಂದೇ. “ಮೇಡಂ, ಪದ ಅವ್ರ ಹತ್ರಾನೇ ಇದೆ, ಹುಡುಕ್ತಿದಾರೆ. ನೀವು ಮುಂಚೆನೇ ಹೇಳ್ಬಿಟ್ರೆ ಹುಡುಕೋದೇ ನಿಲ್ಸಿಬಿಡ್ತಾರೆ.” ನಾನು ತಲೆಯಾಡಿಸುತ್ತೇನೆ. ಹೇಳುವುದು ಸುಲಭ. ಶಾಲೆಯ ಪಠ್ಯಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. ಅರ್ಧಕ್ಕೆ ನಿಂತ ವಾಕ್ಯ ಕಂಡರೆ ನನಗೆ ಒಲೆಯ ಮೇಲೆ ಹಾಲಿಟ್ಟು ಬಂದ ಹಾಗಾಗುತ್ತದೆ. ಇವರು ಬಾಯಿ ತೆರೆಯುವ ಮೊದಲೇ ನನ್ನಿಂದ ಪದ ಹೊರಬಿದ್ದಿರುತ್ತದೆ.

ಜೂನ್ 5, ಬುಧವಾರ

ಊಟದ ಹೊತ್ತಿಗೆ ಕೈ ತೋರಿಸಿದರು. ಮೊಸರು ಕೊಟ್ಟೆ. ಅಲ್ಲ. ಉಪ್ಪು ಕೊಟ್ಟೆ. ಅಲ್ಲ. ಉಪ್ಪಿನಕಾಯಿ, ಹಪ್ಪಳ, ನೀರು, ಎಲ್ಲ ಹೇಳಿ ಮುಗಿಸಿದೆ. ಕೊನೆಗೆ ಇವರು ಕಣ್ಣು ಮುಚ್ಚಿ ಸುಮ್ಮನೆ ಉಣ್ಣತೊಡಗಿದರು. ಏನು ಬೇಕಿತ್ತೆಂದು ಇನ್ನೂ ಗೊತ್ತಾಗಿಲ್ಲ.

ಜೂನ್ 8, ಶನಿವಾರ

ಇವರ ಆಫೀಸಿನ ಲಿಖಿತಾ ಬಂದಿದ್ದಳು. ಚೀಲದಿಂದ ಭಾರವಾದ ಏನನ್ನೋ ತೆಗೆದು ಟೇಬಲ್ ಮೇಲೆ ಇಟ್ಟಳು. ಬಸ್ಸಿನ ಸೀಟನ್ನು ನೆಲಕ್ಕೆ ಹಿಡಿದಿಡುವ ಕಾಲಂತೆ ಅದು. ಅಲ್ಯೂಮಿನಿಯಂ. ಉದ್ದಕ್ಕೆ ಸೀಳಿಕೊಂಡು ಬಂದಿದ್ದಳು.

ಇವರ ಕೆಲಸ ಏನೆಂದು ಇಷ್ಟು ವರ್ಷ ಯಾರು ಕೇಳಿದರೂ ‘ಡಿಸೈನ್’ ಎಂದು ಹೇಳಿ ಮುಗಿಸುತ್ತಿದ್ದೆ. ಇವತ್ತು ಲಿಖಿತಾ ಬಿಡಿಸಿ ಹೇಳಿದಳು. ಕರಗಿದ ಲೋಹವನ್ನು ಅಚ್ಚಿಗೆ ಹೊಯ್ದು ಮಾಡುವ ಭಾಗಗಳಿರುತ್ತವಲ್ಲ, ಬೇಕಾದವರು ತಮಗೆ ತೋಚಿದ ಆಕಾರ ಬರೆದು ಕಳಿಸುತ್ತಾರೆ. ಆ ಆಕಾರವನ್ನು ಫೌಂಡ್ರಿಯವರು ಸುಲಭವಾಗಿ ಎರಕ ಹೊಯ್ಯುವ ಹಾಗೆ, ಒಳಗೆ ದೋಷ ಉಳಿಯದ ಹಾಗೆ ತಿದ್ದಿ ಕೊಡುವುದು ಜೆ.ಪಿ. ನಗರದ ಆ ಪುಟ್ಟ ಆಫೀಸಿನ ಕೆಲಸ. ಇವರೂ ತಿದ್ದುವವರೇ ಎಂದಾಯಿತು. ಒಂದೇ ಮನೆಯಲ್ಲಿದ್ದು ನನಗೆ ಇದು ಹೊಳೆದಿರಲಿಲ್ಲ.

“ಮನೇಲಿ ಯಾವಾಗ್ಲೂ ಗೇಟು ಗೇಟು ಅಂತಾರೆ ಕಣಮ್ಮಾ” ಎಂದೆ.

ಲಿಖಿತಾ ನಕ್ಕುಬಿಟ್ಟಳು. “ಆಂಟಿ, ಅದು ನಿಮ್ಮ ಮನೆ ಗೇಟಲ್ಲ! ಅಚ್ಚಿನೊಳಗೆ ಲೋಹ ನುಗ್ಗೋ ದಾರಿಗೆ ನಾವು ಗೇಟ್ ಅಂತೀವಿ. ಸಾರ್ ದಿನಕ್ಕೆ ನೂರು ಸಲ ಹೇಳೋರು.”

ಇವರ ತುಟಿಯ ಎಡತುದಿ ಸ್ವಲ್ಪ ಮೇಲೆ ಹೋಯಿತು.

ಸೀಟಿನ ಕಾಲು ನೋಡಲು ನಿಲ್ಲಿಸಿದ ಹಲಗೆಯ ಹಾಗಿದೆ. ಬಲ ಬರಲೆಂದು ಅದರ ಹಿಂದೆ ಎರಡು ಏಣುಗಳು, ಎಂದರೆ ಉಬ್ಬಿದ ಪಟ್ಟಿಗಳು, ಗುಣಾಕಾರದ ಚಿಹ್ನೆಯ ಹಾಗೆ ಒಂದನ್ನೊಂದು ದಾಟುತ್ತವೆ. ಎಳೆದು ಪರೀಕ್ಷೆ ಮಾಡಿದಾಗ ಸರಿಯಾಗಿ ಆ ದಾಟುವ ಜಾಗದಲ್ಲೇ ಮುರಿಯಿತಂತೆ.

“ಬಲ ಸಾಲಲ್ಲ ಅಂತ ದಪ್ಪ ಮಾಡಿದ್ವಿ ಸಾರ್. ಈ ಸಲ ಇನ್ನೂ ಬೇಗ ಮುರೀತು” ಎಂದು ಲಿಖಿತಾ ಇವರಿಗೆ ಹೇಳಿದಳು.

“ದಪ್ಪ ಮಾಡಿದ್ರೆ ಬೇಗ ಮುರಿಯತ್ತಾ?” ಎಂದು ನಾನು ಕೇಳಿದೆ.

“ಅದೇ ತಲೆನೋವು ಆಂಟಿ. ಒಳಗೆ ನೋಡಿ.”

ಸೀಳಿದ ಮುಖ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನಟ್ಟ ನಡುವೆ ಮಾತ್ರ, ಏಣುಗಳು ಕೂಡುವಲ್ಲಿ, ಒಂದು ಗೂಡು. ಒಳಗೆಲ್ಲ ಬೆಲ್ಲದ ಉಂಡೆ ಒಡೆದಾಗ ಕಾಣುವಂಥ ತರಿ. ಲಿಖಿತಾ ಮೊದಲು ತಗಡಿನ ಭಾಗಗಳ ಡಿಸೈನ್ ಮಾಡುತ್ತಿದ್ದವಳು, ಎರಕಕ್ಕೆ ಬಂದು ಹೆಚ್ಚು ದಿನವಾಗಿಲ್ಲ. ಈ ಗೂಡು ತುಂಬಲೆಂದು ಅಚ್ಚಿನ ಮೇಲುಗಡೆ ಹೆಚ್ಚುವರಿ ಕರಗಿದ ಲೋಹ ನಿಲ್ಲಿಸಿ ನೋಡಿದ್ದಾಳೆ, ಅದು ನಡುವಿನವರೆಗೆ ತಲುಪಲಿಲ್ಲವಂತೆ. ಬಸ್ ಕಟ್ಟುವ ಕಂಪನಿಯವರು ಇನ್ನೊಂದು ಸಲ ಮಾತ್ರ ನೋಡುತ್ತೇವೆ ಎಂದಿದ್ದಾರೆ. ಸೀಟು ಕಿತ್ತು ಬಂದರೆ ಕೂತವರ ಗತಿಯೇನು, ಅವರು ಹೇಳುವುದೂ ಸರಿಯೇ.

ಲಿಖಿತಾ ತಂದಿದ್ದ ಕಾಲಿನ ನಕಾಶೆಯನ್ನು ಇವರು ಎಡಗೈಯಿಂದ ಎಳೆದುಕೊಂಡರು. ಹೆಬ್ಬೆರಳಿನಿಂದ ಅದರ ನಡುವನ್ನು ಉಜ್ಜುತ್ತಾ “ಬೇಡ” ಎಂದರು. “ಬೇಡ… ಬೇಡ…” ಉಜ್ಜಿ ಉಜ್ಜಿ ಕಾಗದ ಮುದುರಿತು. ಹಣೆಯ ಮೇಲೆ ಬೆವರು. ಕೊನೆಗೆ ಕಾಗದವನ್ನೇ ಆಚೆ ತಳ್ಳಿಬಿಟ್ಟರು.

“ಅವ್ರಿಗೆ ಆಗ್ತಿಲ್ಲಮ್ಮಾ, ಇದೆಲ್ಲ ಬೇಡ ಅಂತಿದಾರೆ” ಎಂದೆ.

ಲಿಖಿತಾ ಬೇಗ ಬೇಗ ನಕಾಶೆ ಮಡಿಸಿದಳು. ಸೀಳಿದ ತುಂಡನ್ನು ಮಾತ್ರ, ಭಾರ ಎಂದೋ ಏನೋ, ಇಲ್ಲೇ ಬಿಟ್ಟು ಹೋದಳು.

ಜೂನ್ 10, ಸೋಮವಾರ

ಆ ಗೂಡು ತಲೆಯಿಂದ ಹೋಗುತ್ತಿಲ್ಲ. ಕರಡು ನೋಡುವ ಭೂತಗನ್ನಡಿ ಹಿಡಿದು ನೋಡಿದೆ. ಯಾರೋ ಒಳಗಿನಿಂದ ಕಚ್ಚಿ ತಿಂದ ಹಾಗಿದೆ. ಅಚ್ಚು ತುಂಬಾ ಲೋಹ ಹೊಯ್ದಿದ್ದರು, ಹೊರಗೆ ಎಲ್ಲೂ ಸೋರಿಲ್ಲ. ಹಾಗಾದರೆ ಒಳಗಿನ ಲೋಹ ಎಲ್ಲಿ ಹೋಯಿತು?

ಉತ್ತರ ಅಡುಗೆಮನೆಯಲ್ಲಿ ಸಿಕ್ಕಿತು. ನಿನ್ನೆ ಬೆಣ್ಣೆ ಕಾಯಿಸಿ ತುಪ್ಪವನ್ನು ಬಟ್ಟಲಿನ ಕಂಠದವರೆಗೆ ಹೊಯ್ದಿಟ್ಟಿದ್ದೆ. ಮಳೆ ಬಂದು ತಂಪಾಗಿತ್ತು, ಬೆಳಿಗ್ಗೆ ಗಟ್ಟಿಯಾಗಿತ್ತು. ನೋಡಿದರೆ ಅಂಚಿನಲ್ಲಿ ತುಪ್ಪ ಕಂಠಕ್ಕೇ ಇದೆ, ನಡುವೆ ಗುಳಿ! ಎಷ್ಟು ಸಾವಿರ ಸಲ ಈ ಗುಳಿಯನ್ನು ಚಮಚದಿಂದ ಕೆದಕಿದ್ದೇನೋ, ಯಾಕೆ ಬಿತ್ತು ಎಂದು ಒಂದು ದಿನ ಕೇಳಿಕೊಂಡಿಲ್ಲ. ಕರಗಿದ್ದಕ್ಕೆ ಹೆಚ್ಚು ಜಾಗ ಬೇಕು, ಗಟ್ಟಿಯಾದದ್ದಕ್ಕೆ ಕಡಿಮೆ ಸಾಕು. ಅಂಚು ಮೊದಲು ಗಟ್ಟಿಯಾಗುತ್ತದೆ, ಆಗುವಾಗ ನಡುವಿನದನ್ನು ಎಳೆದುಕೊಳ್ಳುತ್ತದೆ. ನಡುವಿನ ಸರದಿ ಬರುವ ಹೊತ್ತಿಗೆ ಅದಕ್ಕೆ ಕೊಡುವವರು ಯಾರೂ ಉಳಿದಿರುವುದಿಲ್ಲ. ತುಪ್ಪದ ಬಟ್ಟಲು ಮೇಲೆ ತೆರೆದಿತ್ತು, ಗುಳಿ ಕಣ್ಣಿಗೆ ಬಿತ್ತು. ಅಚ್ಚಿನಲ್ಲಿ ಸುತ್ತಲೂ ಮೊದಲೇ ಗಟ್ಟಿಯಾಗಿಬಿಟ್ಟರೆ ಗುಳಿ ಒಳಗೇ ಅಡಗುತ್ತದೆ. ದಪ್ಪ ಮಾಡಿದಷ್ಟೂ ನಡು ನಿಧಾನವಾಗಿ ಆರುತ್ತದೆ, ಗೂಡು ದೊಡ್ಡದಾಗುತ್ತದೆ.

ಬಟ್ಟಲು ಒಂದು ಕೈಯಲ್ಲಿ, ಸೀಳಿದ ತುಂಡು ಇನ್ನೊಂದು ಕೈಯಲ್ಲಿ ಹಿಡಿದು ಇವರ ಮುಂದೆ ನಿಂತೆ. “ರೀ, ಇದೂ ಅದೂ ಒಂದೇನಾ?”

ಇವರು ಬಟ್ಟಲು ನೋಡಿದರು, ನನ್ನ ಮುಖ ನೋಡಿದರು. “ಹಾಂ” ಎಂದರು. ನನಗೆ ಸಂತೋಷವಾಗಿ ಚಪಾತಿಗೆ ಎರಡು ಚಮಚ ಹೆಚ್ಚಿಗೆ ತುಪ್ಪ ಹಾಕಿದೆ.

ಜೂನ್ 12, ಬುಧವಾರ

ಇವರ ಆಫೀಸಿನ ಯಜಮಾನರು ಚಿದಾನಂದ್ ಬಂದಿದ್ದರು. ಹಣ್ಣು ತಂದಿದ್ದರು. ಒಳ್ಳೆಯವರೇ. ಸುತ್ತಿ ಬಳಸಿ ಕೊನೆಗೆ ವಿಷಯಕ್ಕೆ ಬಂದರು.

“ಮೇಡಂ, ಒತ್ತಾಯ ಅಂತ ಏನಿಲ್ಲ. ಸಾರ್ ಏನಂದ್ಕೊಂಡಿದಾರೆ ಅಂತ ಗೊತ್ತಾದ್ರೆ, ಅವ್ರ ಜಾಗಕ್ಕೆ ಬೇರೆಯವ್ರನ್ನ ನೋಡೋದಾ ಹೇಗೆ ಅಂತ…” ಆಮೇಲೆ ಇವರ ಕಡೆ ತಿರುಗಿ, “ಸೋಮನಾಥ್, ನೀವೇ ಹೇಳಿ” ಎಂದರು.

ಇವರ ಬಾಯಿ ತೆರೆಯಿತು. ಕಣ್ಣು ಅತ್ತಿತ್ತ ಓಡಿತು, ಕಿಟಕಿ, ಟೇಬಲ್, ನಾನು. ಚಿದಾನಂದ್ ಚಡಪಡಿಸಿದರು. ಇವರು “ಬೇಡ…” ಎಂದರು. “ಬೇಡ…”

“ಅವ್ರಿಗೂ ಇನ್ನು ಬೇಡ ಅನ್ಸಿದೆ ಸಾರ್. ಲಿಖಿತಾ ಬಂದಾಗ್ಲೂ ಇದೇ ಅಂದ್ರು” ಎಂದೆ.

ಇವರು ಎಡಗೈಯಿಂದ ಟೇಬಲ್ ಮೇಲೆ ಹೊಡೆದರು. ಚಹಾ ಲೋಟ ಉರುಳಿತು. ಚಿದಾನಂದ್ ಎದ್ದು ನಿಂತು ಕೈ ಮುಗಿದರು. “ಅರ್ಥ ಆಗತ್ತೆ. ಬೇಜಾರ್ ಮಾಡ್ಕೋಬೇಡಿ. ಆರೋಗ್ಯ ಮುಖ್ಯ.”

ಅವರು ಹೋದ ಮೇಲೆ ಚಹಾ ಒರೆಸಿದೆ. ತಲೆಯೆತ್ತಿದಾಗ ಇವರು ನನ್ನನ್ನೇ ನೋಡುತ್ತಿದ್ದರು. ಸಿಟ್ಟು ಎನ್ನಲಾರೆ. ರೈಲು ತಪ್ಪಿದವರು ಪ್ಲಾಟ್‌ಫಾರಂ ಮೇಲೆ ನಿಂತು ನೋಡುತ್ತಾರಲ್ಲ, ಹಾಗಿತ್ತು.

ಜೂನ್ 13, ಗುರುವಾರ

ಇವರು ಊಟ ಮಾಡಲಿಲ್ಲ. ವ್ಯಾಯಾಮಕ್ಕೂ ಏಳಲಿಲ್ಲ.

ಜೂನ್ 16, ಭಾನುವಾರ

ಇವರ ಮುಖ ಸ್ವಲ್ಪ ಬದಲಾಗಲಿ ಎಂದು ಉದ್ದಿನ ವಡೆಗೆ ರುಬ್ಬಿದೆ. ಎಡಗೈಗೆ ಕೆಲಸ ಕೊಡಿ ಎಂದು ಡಾಕ್ಟರೂ ಹೇಳಿದ್ದಾರೆ. ಒಲೆಯ ಪಕ್ಕದಲ್ಲೇ ಕುರ್ಚಿ ಹಾಕಿ ಕೂರಿಸಿ, ಒದ್ದೆ ಮಾಡಿದ ಪ್ಲಾಸ್ಟಿಕ್ ಹಾಳೆಯ ಮೇಲೆ ನಾನು ಹಿಟ್ಟು ತಟ್ಟುವುದು, ಇವರು ಹೆಬ್ಬೆರಳಿನಿಂದ ತೂತು ಮಾಡುವುದು ಎಂದು ಒಪ್ಪಂದವಾಯಿತು.

ಮೊದಲನೆಯದಕ್ಕೆ ಸರಿಯಾಗಿ ಮಾಡಿದರು. ಎರಡನೆಯದಕ್ಕೆ ತೂತಿನ ಮೇಲೆ ಬೆರಳಿಟ್ಟು ಹಾಗೇ ನಿಂತರು. ಆಮೇಲೆ ಅದನ್ನು ಅಗಲಿಸಿದರು, ಇನ್ನೂ ಅಗಲಿಸಿದರು. ಹಿಟ್ಟು ಬಳೆಯ ಹಾಗಾಯಿತು.

“ಅಯ್ಯೋ ಏನ್ರೀ ಇದು, ಸಾಕು” ಎಂದೆ.

ಇವರು ಕೋಲನ್ನೂ ತೆಗೆದುಕೊಳ್ಳದೆ ಎದ್ದರು. ಗೋಡೆ ಹಿಡಿದುಕೊಂಡು ಹೋಗಿ ಕಿಟಕಿಯಲ್ಲಿಟ್ಟಿದ್ದ ಸೀಳಿದ ತುಂಡನ್ನು ಎದೆಗೆ ಅವುಚಿಕೊಂಡು ಬಂದರು. ನನಗೆ ಬಿದ್ದಾರೆಂಬ ಭಯ. ಹಿಡಿಯಲು ಹೋದರೆ ತಲೆ ಅಡ್ಡಡ್ಡ ಆಡಿಸಿದರು. ತುಂಡನ್ನು ಕಟ್ಟೆಯ ಮೇಲಿಟ್ಟು ಅದರ ಗೂಡಿನೊಳಗೆ ಹಿಟ್ಟಿನ ಹೆಬ್ಬೆರಳು ಒತ್ತಿದರು.

“ಬೇಡ” ಎಂದರು. ಆಮೇಲೆ ವಡೆಯ ತೂತಿಗೆ ಅದೇ ಬೆರಳು. “ಬೇಡ.”

ಎಣ್ಣೆಯಲ್ಲಿದ್ದ ವಡೆ ಚುರುಗುಟ್ಟುತ್ತಿತ್ತು. ನಾನು ಹೇಳಬೇಕಾದ್ದನ್ನು ಬಾಯಿಗೆ ತಂದುಕೊಳ್ಳಲು ನನಗೂ ಸ್ವಲ್ಪ ಹೊತ್ತು ಬೇಕಾಯಿತು.

“ಇಲ್ಲಿ… ಲೋಹ ಬೇಡ? ಇಲ್ಲಿ ತೂತು ಇರ್ಬೇಕು?”

“ಹಾಂ” ಎಂದರು. “ಹಾಂ, ಹಾಂ, ಹಾಂ.”

ವಡೆಗೆ ತೂತು ಯಾಕೆ ಮಾಡುತ್ತೇವೆ? ಇಲ್ಲದಿದ್ದರೆ ಹೊರಗೆ ಕೆಂಪಗಾದರೂ ನಡು ಹಸಿಯೇ ಉಳಿಯುತ್ತದೆ. ಇಲ್ಲಿಯೂ ಅಷ್ಟೇ, ಬಿಸಿ ಒಳಗೆ ಹೋಗುವ ಬದಲು ಹೊರಗೆ ಬರಬೇಕು. ನಡುವೆ ಲೋಹವೇ ಇಲ್ಲದಿದ್ದರೆ ಕೊನೆಗೆ ಆರುವುದೂ ಇಲ್ಲ, ಗೂಡು ಬೀಳುವುದೂ ಇಲ್ಲ.

ಆಮೇಲೆ ಇನ್ನೊಂದು ಹೊಳೆಯಿತು. ಒಲೆ ಆರಿಸಿದೆ.

“ರೀ, ಅವತ್ತು ಚಿದಾನಂದ್ ಅವ್ರ ಮುಂದೆ… ನೀವು ಕೆಲಸ ಬೇಡ ಅಂದಿರ್ಲಿಲ್ವಾ?”

ಇವರು ಹಣೆಗೆ ಕೈ ಬಡಿದುಕೊಂಡರು. “ಅಯ್ಯೋ!” ಹಿಟ್ಟು ಹಣೆಗೆಲ್ಲ ಮೆತ್ತಿತು.

ಲಿಖಿತಾಗೆ ಫೋನ್ ಮಾಡಿದೆ. ತೂತಿನ ವಿಷಯ ಹೇಳಿದ್ದೇ ತಡ, “ಆಂಟಿ! ಮಧ್ಯದಲ್ಲಿ ತೂತಾ! ಮುರಿಯೋ ಜಾಗದಲ್ಲೇ ಲೋಹ ತೆಗೀಬೇಕಾ!” ಎಂದು ಕೂಗಿದಳು. ಚಿದಾನಂದ್ ಅವರಿಗೆ ಮಾಡುವುದು ಅಷ್ಟು ಸುಲಭವಾಗಲಿಲ್ಲ. “ಅವತ್ತು ಹೇಳಿದ್ದು ನನ್ನ ಮಾತು ಸಾರ್, ಅವ್ರದ್ದಲ್ಲ” ಎಂದೆ. ಅವರು ಆಗಲೇ ಬೇರೆಯವರ ಹತ್ತಿರ ಮಾತಾಡಿದ್ದಾರಂತೆ. “ನೋಡೋಣ ಮೇಡಂ. ಮೊದ್ಲು ಈ ಕಾಲು ಒಂದು ಸರಿಹೋಗ್ಲಿ” ಎಂದರು.

ವಡೆಯನ್ನು ಕೆಳಗೆ ಮುನಿಲಕ್ಷ್ಮಮ್ಮನವರಿಗೂ ಕೊಟ್ಟೆ. ಅವರು ಒಂದನ್ನು ಬೆರಳಿಗೆ ಸಿಕ್ಕಿಸಿಕೊಂಡು ತಿರುಗಿಸಿದರು. “ಇದೇನ್ ವಡೇನೋ ಬಳೇನೋ? ತಿನ್ನಾಕಿಂತ ತೊಟ್ಕೊಳಾಕೆ ಚೆನ್ನಾಗವೆ ಕಣಮ್ಮಾ.”

ಜೂನ್ 20, ಗುರುವಾರ

ಈಗ ದಿನಾ ಸಂಜೆ ಲಿಖಿತಾ ಲ್ಯಾಪ್‌ಟಾಪ್ ಹಿಡಿದು ಇಲ್ಲಿಗೇ ಬರುತ್ತಾಳೆ. ಊಟದ ಟೇಬಲ್ ಮೇಲೆ ಈಗ ಊಟವೊಂದು ಬಿಟ್ಟು ಎಲ್ಲ ಇದೆ.

ಮಾತಿಲ್ಲದೆಯೂ ಇವರು ಎಷ್ಟು ಹೇಳುತ್ತಾರೆ! ಒಳಮೂಲೆಗಳ ಮೇಲೆಲ್ಲ ಹೆಬ್ಬೆರಳು ಆಡಿಸಿದರೆ, ಅಲ್ಲಿ ಚೂಪಾಗಿ ಬಿಡಬೇಡ, ದುಂಡಗೆ ಮಾಡು ಎಂದು. ಚೂಪು ಮೂಲೆಯಿಂದಲೇ ಬಿರುಕು ಶುರುವಾಗುವುದಂತೆ. ಹೊಲಿಗೆ ಬಿಚ್ಚುವುದು ಮೂಲೆಯಿಂದಲೇ ಅಲ್ಲವೇ. ಲಿಖಿತಾ ಕಾಲಿನ ಒಂದು ಪಕ್ಕದ ಗೋಡೆಯನ್ನು ನೆಟ್ಟಗೆ ಬರೆದಾಗ ಇವರು ಒಪ್ಪಲಿಲ್ಲ. ಸುತ್ತ ನೋಡಿ, ಒಂದರೊಳಗೊಂದು ಕೂತಿದ್ದ ಸ್ಟೀಲ್ ಲೋಟಗಳನ್ನು ತೆಗೆದು ಒಂದನ್ನು ಹೊರಗೆಳೆದು ತೋರಿಸಿದರು. ಸಲೀಸಾಗಿ ಬಂತು. ಲೋಟ ಕೆಳಗೆ ಸಣ್ಣ, ಮೇಲೆ ಅಗಲ, ಅದಕ್ಕೆ ಬಂತು. ನೆಟ್ಟಗಿದ್ದರೆ ಹಿಡಿದುಕೊಳ್ಳುತ್ತಿತ್ತು. ಹೊಯ್ದ ಭಾಗ ಅಚ್ಚಿನಿಂದ ಬಿಟ್ಟು ಬರಬೇಕಾದರೆ ಗೋಡೆಗೆ ಒಂದಿಷ್ಟು ಓರೆ ಬೇಕು.

“ಅಂದ್ರೆ ಇಡ್ಲಿ ತಟ್ಟೆ ಗುಳಿ ಇದ್ದ ಹಾಗೆ” ಎಂದೆ. “ಗುಳಿ ಓರೆ ಇಲ್ದೆ ಡಬ್ಬಿ ಥರ ನೆಟ್ಟಗಿದ್ದಿದ್ರೆ ಒಂದು ಇಡ್ಲೀನೂ ಇಡಿಯಾಗಿ ಬರ್ತಿರ್ಲಿಲ್ಲ.”

ಇವರು ನಕ್ಕರು. ಸದ್ದು ಮಾಡಿ ನಕ್ಕರು. ಏಪ್ರಿಲ್ ಆದಮೇಲೆ ಇದೇ ಮೊದಲು ಎಂದು ಲಿಖಿತಾ ಹೋದ ಮೇಲೆ ನೆನಪಾಯಿತು.

ಜಗಳವೂ ಆಯಿತು. ನಡುವಿನ ತೂತು ಇನ್ನೂ ದೊಡ್ಡದಿರಲಿ ಎಂದು ಲಿಖಿತಾ, ಇಷ್ಟೇ ಸಾಕು ಎಂದು ಇವರು. ತೂತಿನ ಸುತ್ತ ಉಳಿಯುವ ಉಂಗುರ ತೆಳುವಾದರೆ ಬಲ ಹೋಗುತ್ತದೆಂದು ಇವರ ಹಟ. “ಬೇಡ” ಎಂದು ಬೆರಳಾಡಿಸಿದರು. ಈ ಬೇಡ ನಿಜವಾದ ಬೇಡ. ಲಿಖಿತಾ ಸೋತಳು.

ಜೂನ್ 25, ಮಂಗಳವಾರ

ಕರಡು ಕೊಡಲು ಜಯನಗರ ಫೋರ್ತ್ ಬ್ಲಾಕಿಗೆ ಬಸ್ಸಿನಲ್ಲಿ ಹೋದೆ. ಕೂತ ಕೂಡಲೇ ಬಗ್ಗಿ ಸೀಟಿನ ಕಾಲು ನೋಡಿದೆ. ಮುಂದಿನ ಸೀಟಿನದ್ದು ಬೇರೆ ಥರ. ಅದನ್ನೂ ನೋಡೋಣವೆಂದು ಇನ್ನಷ್ಟು ಬಗ್ಗಿದೆ. ಕಂಡಕ್ಟರ್ ಬಂದು ನಿಂತ.

“ಏನ್ ಮೇಡಂ, ಓಲೆ ಬಿದ್ದೋಯ್ತಾ?”

“ಇಲ್ಲ, ಸೀಟಿನ ಕಾಲು ನೋಡ್ತಿದೀನಿ.”

“ಗಟ್ಟಿಯಾಗಿದೆ, ಕೂತ್ಕೊಳಿ” ಎಂದು ಟಿಕೆಟ್ ಹರಿದು ಕೊಟ್ಟ.

ಇಷ್ಟೊಂದು ಎರಕದ ಸಾಮಾನುಗಳು ಈ ಊರಿನಲ್ಲಿ ಯಾವಾಗಿನಿಂದ ಇದ್ದವು? ಚರಂಡಿ ಮುಚ್ಚಳ, ಪಾರ್ಕಿನ ಬೆಂಚಿನ ಕೈ, ಟೈಲರ್ ಅಂಗಡಿಯ ಮೆಷಿನ್ನಿನ ಮೈ, ಕಬ್ಬಿನ ಹಾಲಿನ ಯಂತ್ರದ ಹಲ್ಲುಚಕ್ರ. ಚಕ್ರದ ಅಡ್ಡಕಂಬಿಗಳು ನಡುವೆ ಒಟ್ಟಿಗೆ ಕೂಡುತ್ತವೆ, ಆದರೆ ಅಲ್ಲಿ ತೂತಿದೆ. ಕಬ್ಬಿನ ಹಾಲಿನವನಿಗೆ ಅದನ್ನು ತೋರಿಸಿ ಯಾಕೆಂದು ಕೇಳಿದೆ. “ಅಕ್ಕ, ರಾಡ್ ಹಾಕೋಕೆ” ಎಂದ. ಅದೂ ನಿಜವೇ. ಒಂದು ತೂತಿಗೆ ಎರಡು ಉಪಯೋಗ ಇರಬಾರದೆಂದೇನಿಲ್ಲ.

ಮನೆಗೆ ಬಂದು ಇವರಿಗೆ ಎಲ್ಲ ವರದಿ ಒಪ್ಪಿಸಿದೆ. ಆಮೇಲೆ ನೋಡಿದರೆ ಕರಡಿನ ಕಟ್ಟು ಚೀಲದಲ್ಲೇ ಇದೆ, ಕೊಟ್ಟೇ ಇಲ್ಲ.

ಜುಲೈ 3, ಬುಧವಾರ

ಹೊಸ ಅಚ್ಚಿನಲ್ಲಿ ಹೊಯ್ದ ಮೊದಲ ಕಾಲನ್ನು ಸೀಳಿ ತಂದಿದ್ದಳು. ಲಿಖಿತಾಳ ಮುಖ ನೋಡಿಯೇ ಗೊತ್ತಾಯಿತು. ನಡುವಿನ ದೊಡ್ಡ ಗೂಡು ಮಾಯ. ಅದರ ಬದಲು ಉಂಗುರಕ್ಕೆ ಏಣು ಸೇರುವ ಕಡೆಗಳಲ್ಲಿ ಎಳ್ಳಿನಷ್ಟು ಎಳ್ಳಿನಷ್ಟು ಗುಳಿಗಳು.

“ಬಸ್ಸಿನೋರು ಮುಂದಿನ ವಾರ ಬರ್ತಾರೆ ಸಾರ್. ಇನ್ನೊಂದ್ ಸಲ ಹೊಯ್ಯೋಕೆ ಮಾತ್ರ ಟೈಮಿದೆ.”

ಇವರು ಭೂತಗನ್ನಡಿ ತೆಗೆದುಕೊಂಡರು. ನೋಡುತ್ತಾ ನೋಡುತ್ತಾ ಬಾಯಿ ತೆರೆದರು. ನನಗೆ ಗೊತ್ತಿತ್ತು ಏನೆಂದು. ಉಂಗುರವೇ ದಪ್ಪವಾಗಿದೆ, ಅವಳು ಹೇಳಿದ ಹಾಗೆ ತೂತು ದೊಡ್ಡದಾಗಬೇಕಿತ್ತು. ಲಿಖಿತಾಗೂ ಗೊತ್ತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಯಾಕೋ ನನಗೆ ಹೇಳಬೇಕೆನಿಸಲಿಲ್ಲ. ಏನು ಹೇಳುತ್ತಾರೋ ನೋಡೋಣ ಎನಿಸಿತು. ಹೊರಗೆ ತರಕಾರಿ ಗಾಡಿಯವನು ಕೂಗುತ್ತಾ ಬಂದ, ಕೂಗುತ್ತಾ ಮುಂದಿನ ಬೀದಿಗೆ ಹೋದ.

“ಉಂಗುರ” ಎಂದರು ಇವರು. “ಉಂಗುರ… ದಪ್ಪ.” ಆಮೇಲೆ ತಮ್ಮ ಎದೆ ತಟ್ಟಿಕೊಂಡು, “ನಾನು… ತಪ್ಪು. ನೀನು… ಸರಿ.”

ಲಿಖಿತಾ ತಟ್ಟನೆ ಎದ್ದು ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋದಳು. ಅಲ್ಲಿ ಮೂಗು ಒರೆಸಿಕೊಳ್ಳುವುದು ಕೇಳಿಸಿತು.

ಜುಲೈ 12, ಶುಕ್ರವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಬಸ್ ಕಂಪನಿಯಿಂದ ವಸಿಷ್ಠ ಎಂಬವರು ಬಂದಿದ್ದರು, ಕಾಲು ಒಪ್ಪುವುದು ಬಿಡುವುದು ಅವರ ಕೈಯಲ್ಲಿ. ಚಿದಾನಂದ್ ಇವರನ್ನೂ ಬರಹೇಳಿದ್ದರು, ಜೊತೆಗೆ ನನ್ನನ್ನು. “ಅವ್ರ ಮಾತು ನಿಮಗೆ ಅರ್ಥ ಆಗತ್ತಲ್ಲ ಮೇಡಂ” ಎಂದರು. ಏಪ್ರಿಲ್ ಆದಮೇಲೆ ಇವರು ಆ ಮೆಟ್ಟಿಲು ಹತ್ತಿದ್ದು ಇವತ್ತೇ. ತಮ್ಮ ಕುರ್ಚಿಯಲ್ಲಿ ಬೇರೆಯವರ ಶಾಲು ನೋಡಿ ಒಂದು ಕ್ಷಣ ನಿಂತರು. ಆಮೇಲೆ ಪಕ್ಕದ ಕುರ್ಚಿ ಎಳೆದುಕೊಂಡರು.

ಎರಡನೆಯ ಸಲ ಹೊಯ್ದ ಕಾಲು ಟೇಬಲ್ ಮೇಲಿತ್ತು. ಪಕ್ಕದಲ್ಲಿ ಅದರದೇ ಜೊತೆಯದನ್ನು ಸೀಳಿ ಇಟ್ಟಿದ್ದರು. ಒಳಗೆ ಎಲ್ಲೂ ಒಂದು ಚುಕ್ಕೆಯಿಲ್ಲ. ನೋಡಲು ಚೆಂದವಾಗಿತ್ತು. ಏಣುಗಳು ಬಂದು ತೆಳುವಾದ ಉಂಗುರವೊಂದನ್ನು ಮುಟ್ಟುತ್ತವೆ, ನಡುವೆ ಬರೀ ಬಯಲು.

ವಸಿಷ್ಠ ಬೆರಳನ್ನು ಆ ತೂತಿನಲ್ಲಿ ತೂರಿಸಿದರು. ಮುಖ ಗಂಟಾಗಿತ್ತು.

“ಮೊದ್ಲು ಇಲ್ಲಿ ಮುರೀತು ಅಂತ ದಪ್ಪ ಮಾಡಿದ್ರಿ. ಈಗ ಅದೇ ಜಾಗ ಖಾಲಿ ಮಾಡಿ ಗಟ್ಟಿ ಅಂತೀರಾ. ಟೆಸ್ಟಿಗೆ ಕಳ್ಸೋಕೆ ಮುಂಚೆ ನಮ್ಮೋರಿಗೆ ನಾನೇನು ಹೇಳ್ಲಿ? ಯಾರ್ ಡಿಸೈನ್ ಇದು?”

ಚಿದಾನಂದ್ ಇವರ ಕಡೆ ಕೈ ತೋರಿಸಿದರು. ಲಿಖಿತಾನೂ ಇವರ ಕಡೆ ನೋಡಿದಳು. ಇವರು ಲಿಖಿತಾಳ ಕಡೆ ಕೈ ತೋರಿಸಿದರು. ಕೊನೆಗೆ ಎಲ್ಲರೂ ನನ್ನ ಕಡೆ ತಿರುಗಿದರು.

ನನಗೆ ಉತ್ತರ ಗೊತ್ತಿತ್ತು. ತುಪ್ಪದಿಂದ ಹಿಡಿದು ವಡೆಯವರೆಗೆ ಒಂದೇ ಉಸಿರಿಗೆ ಹೇಳಬಹುದಿತ್ತು. ಹೇಳಲಿಲ್ಲ. ಇವರು ಬಾಯಿ ತೆರೆದಿದ್ದರು, ಏನೋ ಹುಡುಕುತ್ತಿದ್ದರು. ಅದು ಏನೆಂದು ತಿಳಿಯುವ ಕುತೂಹಲ ನನಗೂ ಇತ್ತು. ವಸಿಷ್ಠ ಫೋನನ್ನು ಕೈಯಲ್ಲೇ ಅತ್ತಿತ್ತ ತಿರುಗಿಸಿದರು. ಚಿದಾನಂದ್ ಗಂಟಲು ಸರಿಮಾಡಿಕೊಂಡರು. ಲಿಖಿತಾ ಇನ್ನೇನು ಬಾಯಿ ಹಾಕುತ್ತಿದ್ದಳು, ಟೇಬಲ್ ಕೆಳಗೆ ಅವಳ ಮೊಣಕೈ ಹಿಡಿದುಕೊಂಡೆ.

“ಕೊನೇಲಿ…” ಎಂದರು ಇವರು. ನಿಂತರು. ಎಡಗೈ ಮುಷ್ಟಿ ಮಾಡಿ ನಿಧಾನವಾಗಿ ಬಿಗಿದರು. “ಕೊನೇಲಿ… ಗಟ್ಟಿ ಆಗೋದು… ಹಸಿವು.”

“ಹಸಿವಾ?” ಎಂದರು ವಸಿಷ್ಠ.

“ಹಸಿವು. ಎಲ್ಲಾ… ಉಂಡ್ರು. ಅದಕ್ಕೆ… ಇಲ್ಲ.” ಹಳೆಯ ತುಂಡಿನ ಗೂಡಿನ ಮೇಲೆ ಬೆರಳಿಟ್ಟರು. “ಉಪವಾಸ.” ಆಮೇಲೆ ಹೊಸದರ ತೂತಿನ ಮೇಲೆ. “ಈಗ… ಕೊನೆ… ಯಾರೂ ಇಲ್ಲ.”

ವಸಿಷ್ಠ ಹಳೆಯ ತುಂಡು ಎತ್ತಿಕೊಂಡರು. ಹೊಸದನ್ನು ಎತ್ತಿಕೊಂಡರು. ಮುಖದ ಗಂಟು ಒಂದೊಂದಾಗಿ ಬಿಚ್ಚಿತು.

“ಎಲ್ಲಾ ಕಡೆ ಒಟ್ಟಿಗೆ ಗಟ್ಟಿ ಆಗತ್ತೆ. ಕೊನೆಗೆ ಅಂತ ಒಂದ್ ಜಾಗಾನೇ ಇಲ್ಲ.” ಇವರ ಕಡೆ ನೋಡಿದರು. “ಅಷ್ಟೇ ಅಲ್ವಾ ಸಾರ್?”

“ಹಾಂ” ಎಂದರು ಇವರು. ಹಿಂದಕ್ಕೆ ಒರಗಿ ಕೂತರು. ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು.

“ಉಪವಾಸ” ಎಂದು ವಸಿಷ್ಠ ತಮ್ಮಷ್ಟಕ್ಕೆ ನಕ್ಕರು. “ಇದನ್ನೇ ಹೇಳ್ತೀನಿ ನಮ್ಮೋರಿಗೆ. ಕಳ್ಸಿ, ಟೆಸ್ಟ್ ಮಾಡಿಸ್ತೀನಿ.”

ಜುಲೈ 24, ಬುಧವಾರ

ಕಾಲು ಮುರಿಯಲಿಲ್ಲ! ಎಷ್ಟು ಎಳೆಯಬೇಕೋ ಅದಕ್ಕಿಂತ ಹೆಚ್ಚೇ ಎಳೆದರಂತೆ, ನೆಲಕ್ಕೆ ಹಾಕಿದ ಬೋಲ್ಟು ಬಗ್ಗಿತಂತೆ, ಕಾಲು ಹಾಗೇ ಇತ್ತಂತೆ. ಲಿಖಿತಾ ಫೋನಿನಲ್ಲಿ ಹೇಳಿದ್ದನ್ನು ಸ್ಪೀಕರಿನಲ್ಲಿ ಹಾಕಿದೆ, ಇವರು ಎರಡು ಸಲ ಹೇಳಿಸಿಕೊಂಡರು. ಮೊದಲಿಗಿಂತ ಹಗುರವೂ ಆಗಿದೆ.

ಚಿದಾನಂದ್ ಆಮೇಲೆ ಫೋನ್ ಮಾಡಿದರು. ಸದ್ಯಕ್ಕೆ ವಾರಕ್ಕೆ ಎರಡು ದಿನ ಬನ್ನಿ, ಹೊಸಬರು ಇರುತ್ತಾರೆ, ನೀವು ನೋಡಿ ಹೇಳಿದರೆ ಸಾಕು ಎಂದರು. ಫೋನನ್ನು ಇವರ ಕೈಗೆ ಕೊಟ್ಟೆ. ಏನು ಮಾತಾಡಿಕೊಂಡರೋ, ನಾನು ಬಟ್ಟೆ ತೆಗೆಯಲು ಟೆರೇಸಿಗೆ ಹೋಗಿದ್ದೆ.

ಜುಲೈ 29, ಸೋಮವಾರ

ಇವರ ಮೊದಲ ದಿನ. ಬೆಳಿಗ್ಗೆಯಿಂದ ಮನೆಯೆಲ್ಲ ಓಡಾಟ. ಇಸ್ತ್ರಿ ಮಾಡಿದ ಅಂಗಿಯ ಗುಂಡಿಗಳನ್ನು ಎಡಗೈಯಲ್ಲೇ ಹಾಕಿಕೊಂಡರು, ಒಂದು ಮೇಲೆ ಕೆಳಗಾಗಿತ್ತು. ನಾನು ಡಬ್ಬಿ ತುಂಬಿ, ಮಾತ್ರೆ ಹಾಕಿಟ್ಟು, ಆಟೋ ಬುಕ್ ಮಾಡಿದೆ. ಮುನಿಲಕ್ಷ್ಮಮ್ಮ ಬಾಗಿಲಲ್ಲಿ ನಿಂತು, “ನಿಧಾನ್ವಾಗಿ ಹೋಗ್ಬನ್ನಿ ಸಾಮಿ” ಎಂದರು.

ಆಟೋ ಬಂದು ನಿಂತಿತು. ಒಂದು ಕಾಲು ಆಟೋದೊಳಗೆ ಇಟ್ಟವರು ನನ್ನ ಕಡೆ ತಿರುಗಿದರು.

“ಶೀಲಾ” ಎಂದರು. ನಿಂತರು. “ನೀನು…”

ನಾನು ಕೈಚೀಲ ಹಿಡಿದು ನಿಂತೆ. ಡ್ರೈವರ್ ಹಿಂದಕ್ಕೆ ತಿರುಗಿ ನೋಡಿದ. ಹಿಂದೆ ಒಂದು ಕಾರು ಹಾರ್ನ್ ಹಾಕಿತು. ಆಮೇಲೆ ಇನ್ನೊಂದು.

“ಮೇಡಂ, ಬರ್ತೀರಾ ಇಲ್ವಾ? ಹಿಂದೆ ಎಲ್ಲಾ ಬಯ್ತಾ ಇದಾರೆ.”

“ಸ್ವಲ್ಪ ಇರಣ್ಣ, ಮಾತಾಡ್ತಿದಾರೆ.”

“ಏನೂ ಮಾತಾಡ್ತಾನೇ ಇಲ್ವಲ್ಲ!”

“ಮಾತಾಡ್ತಿದಾರೆ” ಎಂದೆ. “ಆಗಲ್ಲ ಅಂದ್ರೆ ನೀವು ಹೋಗಿ, ಇನ್ನೊಂದು ನೋಡ್ಕೋತೀವಿ.”

ಅವನು ಗೊಣಗಿಕೊಂಡು ಹೊರಟೇಬಿಟ್ಟ. ಇವರು ಕಾಲನ್ನು ಮೆಲ್ಲಗೆ ಹಿಂದಕ್ಕೆ ತಂದುಕೊಂಡು ಕೋಲೂರಿ ನಿಂತರು. ಕಾರುಗಳು ಒಂದೊಂದಾಗಿ ದಾಟಿ ಹೋದವು. ಬೀದಿ ಮತ್ತೆ ಖಾಲಿಯಾಯಿತು.

“ನೀನು… ಬೆಳಿಗ್ಗೆಯಿಂದ…” ಎಂದರು, ನನ್ನ ಮುಖವನ್ನೇ ನೋಡುತ್ತಾ. “ಏನೂ… ತಿನ್ಲಿಲ್ಲ.”

ನಿಜ, ತಿಂದಿರಲಿಲ್ಲ. ನನಗೇ ಗೊತ್ತಿರಲಿಲ್ಲ. ಇಬ್ಬರೂ ಮತ್ತೆ ಮೇಲೆ ಹತ್ತಿ ಹೋದೆವು. ನಾನು ಎರಡು ದೋಸೆ ತಿನ್ನುವವರೆಗೆ ಇವರು ಬೂಟು ಬಿಚ್ಚದೆ ಎದುರಿಗೆ ಕೂತಿದ್ದರು.